ಸ್ಲೈಡರ್ ಎಳೆದಾಗ ತಂಬೂರಿ ಯಾಕೆ ಚರಚರ ಅನ್ನುತ್ತೆ?

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಬಿ.ಎಸ್‌ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಅಮ್ಮ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಅವರದು ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ಅವರ ಷಡ್ಜ. ಮನೆಯಲ್ಲಿದ್ದ ಶ್ರುತಿ ಪೆಟ್ಟಿಗೆ ಕೆಟ್ಟುಹೋಗಿದೆ. ಹಳೇ ಲ್ಯಾಪ್‌ಟಾಪ್‌ನಲ್ಲೇ ಒಂದು ತಂಬೂರಿ ಮಾಡಿಕೊಡೋಣ ಅಂತ ಪೈಥಾನ್‌ನಲ್ಲಿ ಬರೆದೆ. ವಿಂಡೋ ಬರುತ್ತೆ, ಸ್ಲೈಡರ್ ಬರುತ್ತೆ, ನಾದವೂ ಬರುತ್ತೆ. ಆದರೆ ಸ್ಲೈಡರ್ ಎಳೆದರೆ ಚರಚರ ಶಬ್ದ. ಮುಟ್ಟದೆ ಬಿಟ್ಟರೂ ಆಗಾಗ ಪಟ್ ಅನ್ನುತ್ತೆ. ಸೀನಿಯರ್ ಒಬ್ಬರು ‘ಇದಕ್ಕೆಲ್ಲ ಚಿಕ್ಕದೊಂದು ಫಂಕ್ಷನಲ್ ಭಾಷೆ ಹಿಡಿ’ ಅಂದರು. ಯಾವುದನ್ನು ಹಿಡಿಯಲಿ? ಅದರಲ್ಲಿ ಬರೆದರೆ ಈ ಶಬ್ದ ಹೋಗುತ್ತಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಮಾತು. ಚರಚರ ಬೇರೆ, ಪಟ್ ಬೇರೆ ಅಂತ ನೀವೇ ಬಿಡಿಸಿ ಕೇಳಿಸಿಕೊಂಡಿದ್ದೀರಿ. ತುಂಬಾ ಜನ ಎರಡನ್ನೂ ಸೇರಿಸಿ ‘ಸೌಂಡ್ ಸರಿ ಇಲ್ಲ’ ಅಂದುಬಿಡುತ್ತಾರೆ. ಇವು ಎರಡು ಬೇರೆ ಬೇರೆ ಕಾಯಿಲೆ. ಭಾಷೆ ಬದಲಾಯಿಸಿದರೆ ಒಂದು ವಾಸಿಯಾಗುತ್ತೆ. ಇನ್ನೊಂದಕ್ಕೆ ನೀವು ಸ್ಲೈಡರ್‌ನ ನೋಡುವ ರೀತಿಯೇ ಬದಲಾಗಬೇಕು.

ಮೊದಲು ಪಟ್ ಶಬ್ದ. ಸೌಂಡ್ ಕಾರ್ಡ್‌ಗೆ ಒಂದು ಸೆಕೆಂಡಿಗೆ 44,100 ಸಂಖ್ಯೆಗಳು ಬೇಕು. ಒಂದೊಂದನ್ನೂ ಸ್ಯಾಂಪಲ್ ಅಂತೀವಿ. ಅವನ್ನು ಒಂದೊಂದಾಗಿ ಕೇಳುವುದಿಲ್ಲ, ಕಂತಿನಲ್ಲಿ ಕೇಳುತ್ತೆ. ಕಂತು 256 ಸ್ಯಾಂಪಲ್‌ದು ಅಂತಿಟ್ಟುಕೊಳ್ಳಿ. ಆಗ ಪ್ರತಿ 5.8 ಮಿಲಿಸೆಕೆಂಡಿಗೆ ಒಂದು ಕಂತು ತುಂಬಿಸಿ ಕೊಡಲೇಬೇಕು. ಒಂದು ಸಲ ತಡವಾದರೂ ನಾದ ಅಲ್ಲಿ ತುಂಡಾಗುತ್ತೆ. ಆ ತುಂಡೇ ಪಟ್. ಪೈಥಾನ್ ಒಳ್ಳೆಯ ಭಾಷೆ, ನಾನೂ ದಿನಾ ಬಳಸುತ್ತೇನೆ. ಆದರೆ ಸ್ಯಾಂಪಲ್ ಸ್ಯಾಂಪಲ್‌ಗೂ ಲೂಪ್ ಓಡಿಸಿದರೆ ಅದಕ್ಕೆ ಉಸಿರು ಸಾಲುವುದಿಲ್ಲ. ಮಧ್ಯೆ ಮಧ್ಯೆ, ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಕೆಲಸವೂ ಇರುತ್ತೆ. ಅದು ಯಾವಾಗ ಶುರುವಾಗುತ್ತೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಸಾವಿರ ಕಂತು ಸರಿಯಾಗಿ ಕೊಟ್ಟು, ಸಾವಿರದೊಂದನೆಯದಕ್ಕೆ ತಡ ಮಾಡಿದರೂ ಅಮ್ಮನ ಕಿವಿಗೆ ಬೀಳುವುದು ಆ ಒಂದೇ.

ಈಗ ಚರಚರ. ಪರದೆ ಸೆಕೆಂಡಿಗೆ ಹೆಚ್ಚುಕಡಿಮೆ 60 ಸಲ ಬದಲಾಗುತ್ತೆ. ಸ್ಲೈಡರ್ ಎಳೆದಾಗ ಅದರ ಬೆಲೆಯೂ ಅಷ್ಟೇ ಸಲ ಬದಲಾಗುತ್ತೆ. 44,100ನ್ನು 60ರಿಂದ ಭಾಗಿಸಿ. 735 ಬರುತ್ತೆ. ಅಂದರೆ 735 ಸ್ಯಾಂಪಲ್‌ಗಳ ಕಾಲ ವಾಲ್ಯೂಮ್ ಒಂದೇ ಕಡೆ ನಿಂತಿರುತ್ತೆ, ಆಮೇಲೆ ಒಮ್ಮೆಗೇ ಜಿಗಿಯುತ್ತೆ. ಮತ್ತೆ 735 ನಿಲ್ಲುತ್ತೆ, ಮತ್ತೆ ಜಿಗಿಯುತ್ತೆ. ನಿಮ್ಮ ಬೆರಳು ನುಣ್ಣಗೆ ಜಾರಿದೆ. ನಾದಕ್ಕೆ ಸಿಕ್ಕಿರುವುದು ಮೆಟ್ಟಿಲು. ಒಂದೊಂದು ಮೆಟ್ಟಿಲಿನ ಅಂಚೂ ಒಂದು ಚಿಕ್ಕ ಟಿಕ್. ಸೆಕೆಂಡಿಗೆ 60 ಟಿಕ್ ಸೇರಿದರೆ ಅದೇ ಚರಚರ.

ಇದನ್ನು ಪೈಥಾನ್‌ನಲ್ಲೂ ಸರಿ ಮಾಡಬಹುದು, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಸ್ಲೈಡರ್ ಒಂದು ವೇರಿಯೇಬಲ್, ನಾದ ಒಂದು ಲೂಪ್. ಎರಡೂ ಬೇರೆ ಬೇರೆ ಮನೆಯವರು. ಇವರ ನಡುವೆ ನೀವು ಸೇತುವೆ ಕಟ್ಟುತ್ತಲೇ ಇರಬೇಕು. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲೇ ಇದೆ: ಸ್ಲೈಡರ್ ಕೂಡ ಒಂದು ನಾದವೇ, ತುಂಬಾ ನಿಧಾನದ ನಾದ. ಅದೂ ಪ್ರತಿ ಸ್ಯಾಂಪಲ್‌ಗೆ ಒಂದು ಬೆಲೆ ಕೊಡುವ ಸಿಗ್ನಲ್. ಹೀಗೆ ನೋಡಲು ಶುರು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಮತ್ತೆ, ಹಾಗೆಯೇ ನೋಡುವ ಭಾಷೆಯೊಂದು ಇದೆ.

ಅದರ ಹೆಸರು ಫೌಸ್ಟ್. ಫಂಕ್ಷನಲ್ ಆಡಿಯೊ ಸ್ಟ್ರೀಮ್ ಅನ್ನುವುದರ ಚಿಕ್ಕ ರೂಪ. ಫ್ರಾನ್ಸ್‌ನ ಲಿಯಾನ್ ನಗರದ ಗ್ರಾಮ್ ಅನ್ನುವ ಸಂಗೀತ ಕೇಂದ್ರದಲ್ಲಿ ಯಾನ್ ಓರ್ಲಾರೆ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಶುರು ಮಾಡಿದರು. ಉಚಿತ. ಬ್ರೌಸರ್‌ನಲ್ಲೇ ಬರೆದು, ಅಲ್ಲೇ ಕೇಳಬಹುದು. ಹಳೇ ಲ್ಯಾಪ್‌ಟಾಪ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಇದರಲ್ಲಿ ‘ಎಕ್ಸ್‌ನ ಬೆಲೆ ಈಗ ಹತ್ತು, ಆಮೇಲೆ ಹನ್ನೊಂದು’ ಅಂತ ಬರೆಯುವ ಹಾಗಿಲ್ಲ. ಒಂದು ಹೆಸರಿಗೆ ಒಂದೇ ಅರ್ಥ, ಕೊನೆಯವರೆಗೂ. ನಿಮ್ಮ ಸೀನಿಯರ್ ಫಂಕ್ಷನಲ್ ಅಂದದ್ದು ಇದಕ್ಕೇ. ಸ್ಯಾಂಪಲ್‌ಗಳ ಮೇಲೆ ಲೂಪ್ ಬರೆಯುವುದೂ ಇಲ್ಲ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೂವಿನ ಕಾಲಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ಆಗ ಯಾರೂ ನೀರಿನ ಹನಿ ಎಣಿಸುವುದಿಲ್ಲ. ಪೈಪ್‌ಗೆ ಪೈಪ್ ಜೋಡಿಸುತ್ತಾರೆ, ಎಲ್ಲಿ ಕವಲು ಬೇಕೋ ಅಲ್ಲಿ ಕವಲು ಹಾಕುತ್ತಾರೆ, ಮೋಟಾರ್ ಹಾಕುತ್ತಾರೆ. ಫೌಸ್ಟ್‌ನಲ್ಲಿ ಬರೆಯುವುದೂ ಹಾಗೇ. ಎರಡು ಫಂಕ್ಷನ್ ನಡುವೆ ಕೋಲನ್ ಹಾಕಿದರೆ ಒಂದರಿಂದ ಬಂದದ್ದು ಇನ್ನೊಂದಕ್ಕೆ ಹೋಗುತ್ತೆ. ಕಾಮಾ ಹಾಕಿದರೆ ಎರಡೂ ಪಕ್ಕಪಕ್ಕದಲ್ಲಿ ಓಡುತ್ತವೆ. ಅಲೆಯ ಗುರುತು, ಅಂದರೆ ~ ಹಾಕಿದರೆ ಹೊರಗೆ ಬಂದದ್ದು ತಿರುಗಿ ಒಳಗೆ ಹೋಗುತ್ತೆ. ಮೂರು ಗುರುತು ಗೊತ್ತಾದರೆ ತಂಬೂರಿಯ ಮುಕ್ಕಾಲು ಭಾಗ ಬರೆಯಬಹುದು. ಬರೆದದ್ದನ್ನೆಲ್ಲ ಅದು ಚಿತ್ರವಾಗಿಯೂ ಬಿಡಿಸಿ ತೋರಿಸುತ್ತೆ, ಡಬ್ಬಗಳು ಮತ್ತು ಗೆರೆಗಳು. ಮೊದಲ ಎರಡು ವಾರ ಆ ಚಿತ್ರ ನೋಡದೆ ಒಂದು ಸಾಲನ್ನೂ ನಂಬಬೇಡಿ.

ಕೊನೆಗೆ ಇದೆಲ್ಲ ಸಿ ಪ್ಲಸ್ ಪ್ಲಸ್ ಅಥವಾ ಬ್ರೌಸರ್ ಓಡಿಸುವ ಕೋಡ್ ಆಗಿ ಬದಲಾಗುತ್ತೆ. ಎಷ್ಟು ಮೆಮೊರಿ ಬೇಕು ಅಂತ ಮೊದಲೇ ಗೊತ್ತಿರುತ್ತೆ. ನಾದ ಓಡುವಾಗ ಗುಡಿಸುವ ಕೆಲಸ ಇರುವುದಿಲ್ಲ. ಹಾಗಾಗಿ ನಿಮ್ಮ ಪಟ್ ಶಬ್ದ ಬಹುಮಟ್ಟಿಗೆ ಹೋಗುತ್ತೆ. ಆಮೇಲೂ ಉಳಿದರೆ ಕಂತನ್ನು 256ರಿಂದ 1024ಕ್ಕೆ ಏರಿಸಿ. ಆಗ 23 ಮಿಲಿಸೆಕೆಂಡ್ ತಡವಾಗುತ್ತೆ. ಡ್ರಮ್ ಬಾರಿಸುವವರಿಗೆ ಇದು ಜಾಸ್ತಿ, ತಂಬೂರಿಗೆ ಏನೇನೂ ಅಲ್ಲ.

ಇನ್ನು ಸ್ಲೈಡರ್. ಫೌಸ್ಟ್‌ನಲ್ಲಿ ಅಡ್ಡ ಸ್ಲೈಡರ್‌ಗೆ ಎಚ್‌ಸ್ಲೈಡರ್ ಅನ್ನುವ ಪದ. ಅದಕ್ಕೆ ಐದು ವಿಷಯ ಹೇಳಬೇಕು: ಹೆಸರು, ಶುರುವಿನ ಬೆಲೆ, ಕನಿಷ್ಠ, ಗರಿಷ್ಠ, ಒಂದು ಹೆಜ್ಜೆ ಎಷ್ಟು. ಅಷ್ಟೇ. ವಿಂಡೋ ತೆರೆಯುವ ಕೋಡ್ ಇಲ್ಲ, ‘ಸ್ಲೈಡರ್ ಬದಲಾದಾಗ ಈ ಫಂಕ್ಷನ್ ಕರೆ’ ಅನ್ನುವ ಗೋಜಿಲ್ಲ. ನಾದವನ್ನು ಆ ಸ್ಲೈಡರ್‌ನಿಂದ ಗುಣಿಸಿ ಅಂತ ಬರೆದರೆ ಪರದೆಯ ಮೇಲೆ ಸ್ಲೈಡರ್ ತಾನಾಗೇ ಬರುತ್ತೆ. ಸ್ಲೈಡರ್ ಆ ಲೆಕ್ಕದೊಳಗೇ ಇರುವ ಒಂದು ಸಿಗ್ನಲ್, ಹೊರಗಿನ ನೆಂಟ ಅಲ್ಲ.

ಆದರೆ ಇಲ್ಲೂ ಎಚ್ಚರ ಬೇಕು. ಫೌಸ್ಟ್ ಕೂಡ ಸ್ಲೈಡರ್‌ನ ಬೆಲೆಯನ್ನು ಕಂತಿಗೊಮ್ಮೆ ಮಾತ್ರ ಓದುತ್ತೆ. ಅಲ್ಲಿಗೆ ಮೆಟ್ಟಿಲು ಇದ್ದೇ ಇದೆ. ಚರಚರ ತಾನಾಗಿ ಹೋಗುವುದಿಲ್ಲ. ಮೆಟ್ಟಿಲನ್ನು ಇಳಿಜಾರು ಮಾಡಬೇಕು. ಅದಕ್ಕೆ ಬೇಕಾದದ್ದು ಒಂದೇ ಸಾಲು. ಆ ಸಾಲನ್ನು ಹತ್ತಿರದಿಂದ ನೋಡೋಣ.

ಪ್ರತಿ ಸ್ಯಾಂಪಲ್‌ಗೂ ಹೀಗೆ ಮಾಡಿ: ಸ್ಲೈಡರ್‌ನ ಹೊಸ ಬೆಲೆಯಿಂದ ಸಾವಿರದಲ್ಲಿ ಒಂದು ಪಾಲು ತೆಗೆದುಕೊಳ್ಳಿ. ಈ ಹಿಂದಿನ ಸ್ಯಾಂಪಲ್‌ನಲ್ಲಿ ಏನಿತ್ತೋ ಅದರಿಂದ 999 ಪಾಲು ತೆಗೆದುಕೊಳ್ಳಿ. ಎರಡನ್ನೂ ಕೂಡಿಸಿ. ಅದೇ ಈಗಿನ ಬೆಲೆ. ಅಮ್ಮ ವಾಲ್ಯೂಮ್‌ನ 0.2ರಿಂದ 0.8ಕ್ಕೆ ಒಮ್ಮೆಗೇ ಎಳೆದರು ಅಂದುಕೊಳ್ಳಿ. ಮೊದಲ ಸ್ಯಾಂಪಲ್‌ನಲ್ಲಿ ಬೆಲೆ 0.2006. ಎರಡನೆಯದರಲ್ಲಿ 0.2012. ಸಾವಿರ ಸ್ಯಾಂಪಲ್ ಆದಮೇಲೆ, ಅಂದರೆ 23 ಮಿಲಿಸೆಕೆಂಡಿನಲ್ಲಿ, ಸುಮಾರು 0.58. ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವಷ್ಟರಲ್ಲಿ 0.79 ದಾಟಿರುತ್ತೆ. ಬೆರಳಿಗೆ ತಡ ಅನ್ನಿಸುವುದೇ ಇಲ್ಲ. ಕಿವಿಗೆ ಅಂಚು ಸಿಗುವುದಿಲ್ಲ. ಫೌಸ್ಟ್‌ನ ಲೈಬ್ರರಿಯಲ್ಲಿ ಇದು ರೆಡಿ ಇದೆ, ಹೆಸರು ‘ಎಸ್‌ಐ ಡಾಟ್ ಸ್ಮೂ’. ಸ್ಲೈಡರ್ ಆದಮೇಲೆ ಕೋಲನ್ ಹಾಕಿ ಇದನ್ನು ಬರೆದರೆ ಮುಗಿಯಿತು. ಆದರೆ ಒಂದು ಸಲವಾದರೂ ಅದನ್ನು ನೀವೇ ~ ಬಳಸಿ ಬರೆದು ನೋಡಿ. ಹಿಂದಿನ ಬೆಲೆ ತಿರುಗಿ ಒಳಗೆ ಬರುವುದು ಹೇಗೆ ಅಂತ ಇಲ್ಲಿ ಅರ್ಥವಾದರೆ ತಂತಿ ಅರ್ಥವಾಗುತ್ತೆ, ಯಾಕಂದರೆ ತಂತಿಯೂ ಇದೇ ಉಪಾಯ.

ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ ಅನ್ನುವ ಇಬ್ಬರು 1983ರಲ್ಲಿ ಪ್ರಕಟಿಸಿದ ದಾರಿ ಇದು. ಒಂದಿಷ್ಟು ಸ್ಯಾಂಪಲ್‌ಗಳ ಉಂಗುರ ಮಾಡಿ. ಅದರಲ್ಲಿ ಬರೀ ಗದ್ದಲ ತುಂಬಿಸಿ. ಅದೇ ಮೀಟು. ಆಮೇಲೆ ಆ ಉಂಗುರ ತಿರುಗುತ್ತಾ ಇರಲಿ. ತಿರುಗುವಾಗ ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ ಸರಾಸರಿ ತೆಗೆಯುತ್ತಾ ಹೋಗಿ. ಗದ್ದಲ ಸುತ್ತು ಸುತ್ತಿಗೂ ನಯವಾಗುತ್ತೆ, ಮೀಟಿದ ತಂತಿಯ ನಾದ ಬರುತ್ತೆ. ಮೊದಲ ಸಲ ಕೇಳಿದಾಗ ನಾನು ಇಯರ್‌ಫೋನ್ ತೆಗೆದು ಸುತ್ತ ನೋಡಿದ್ದೆ. ಇಷ್ಟು ಸಣ್ಣ ಲೆಕ್ಕದಿಂದ ಇಂಥ ನಾದ ಬರುತ್ತಾ ಅಂತ ಇವತ್ತಿಗೂ ಆಶ್ಚರ್ಯ ಹೋಗಿಲ್ಲ.

ಉಂಗುರ ಎಷ್ಟು ಉದ್ದ ಇರಬೇಕು? 44,100ನ್ನು ಶ್ರುತಿಯಿಂದ ಭಾಗಿಸಿದಷ್ಟು. ಇಲ್ಲಿ ನಿಮ್ಮ ಅಮ್ಮನ ಐದು ಮನೆಗೆ ಒಂದು ಚೆಂದದ ಅದೃಷ್ಟ ಇದೆ. ಐದು ಮನೆಯ ಷಡ್ಜ 196 ಹರ್ಟ್ಸ್, ಅಂದರೆ ಸೆಕೆಂಡಿಗೆ 196 ಕಂಪನ. 44,100 ಭಾಗಿಸು 196, ಸರಿಯಾಗಿ 225. ಕೆಳಗಿನ ಪಂಚಮ 147 ಹರ್ಟ್ಸ್, ಉಂಗುರ ಸರಿಯಾಗಿ 300. ಮಂದ್ರ ಷಡ್ಜ 98, ಉಂಗುರ 450. ಎಲ್ಲೂ ದಶಾಂಶ ಇಲ್ಲ. ಪ, ಸ, ಸ, ಮಂದ್ರ ಸ: 300, 225, 225, 450.

ಹಾಗಂತ 225 ಅಂತಲೇ ಬರೆದರೆ ಶ್ರುತಿ ಸೇರುವುದಿಲ್ಲ. ಸರಾಸರಿ ತೆಗೆಯುವುದೇ ಅರ್ಧ ಸ್ಯಾಂಪಲ್ ತಡ ಮಾಡುತ್ತೆ. ಉಂಗುರ 225.5 ಆಗಿಬಿಡುತ್ತೆ. ಷಡ್ಜ ಒಂದು ಸ್ವರಸ್ಥಾನದ ನೂರು ಪಾಲಿನಲ್ಲಿ ಹತ್ತಿರ ಹತ್ತಿರ ನಾಲ್ಕು ಪಾಲು ಇಳಿಯುತ್ತೆ. ಸಿನಿಮಾ ಹಾಡಿಗಾದರೆ ಯಾರೂ ಗಮನಿಸುವುದಿಲ್ಲ. ಸಂಗೀತ ಪಾಠ ಮಾಡುವ ತಾಯಿ ಗಮನಿಸುತ್ತಾರೆ. ಅದರ ಮೇಲೆ ಫೌಸ್ಟ್‌ನ ~ ಗುರುತು ತಾನಾಗೇ ಒಂದು ಸ್ಯಾಂಪಲ್ ತಡ ಸೇರಿಸುತ್ತೆ. ಹಿಂದಿನದು ಬಂದಮೇಲೆ ತಾನೇ ಮುಂದಿನ ಲೆಕ್ಕ? ಹಾಗಾಗಿ ನೀವು ಕೊಡಬೇಕಾದ ತಡ 225ರಲ್ಲಿ ಒಂದೂವರೆ ಕಳೆದು 223.5. ಅರ್ಧ ಸ್ಯಾಂಪಲ್ ತಡ ಮಾಡಲು ಮಾಮೂಲಿ ಡಿಲೇ ಸಾಲದು, ಭಿನ್ನರಾಶಿಯ ತಡ ಮಾಡುವ ಎಫ್‌ಡಿಲೇ ಬಳಸಿ. ಈ ಒಂದೂವರೆ ಗೊತ್ತಾಗದೆ ನಾನು ಎರಡು ದಿನ ಕಿವಿಯನ್ನೇ ಅನುಮಾನಿಸಿದ್ದೆ.

ಇನ್ನೊಂದು ಮೋಸ ಹೋಗುವ ಜಾಗ. ಎಲ್ಲ ಯಂತ್ರಗಳೂ 44,100ರಲ್ಲಿ ಓಡುವುದಿಲ್ಲ. ಎಷ್ಟೋ ಫೋನ್ ಮತ್ತು ಲ್ಯಾಪ್‌ಟಾಪ್‌ಗಳು 48,000ದಲ್ಲಿ ಓಡುತ್ತವೆ. 225 ಅಂತ ಅಂಕಿಯನ್ನೇ ಬರೆದಿಟ್ಟರೆ ಅಲ್ಲಿ ಷಡ್ಜ 213 ಹರ್ಟ್ಸ್‌ಗೆ ಏರಿ, ಐದೂವರೆಗೂ ಆರಕ್ಕೂ ನಡುವೆ ಎಲ್ಲೋ ನಿಲ್ಲುತ್ತೆ. ಆದ್ದರಿಂದ ಅಂಕಿ ಬರೆಯಬೇಡಿ. ಸ್ಯಾಂಪಲ್ ರೇಟ್ ಎಷ್ಟಿದೆ ಅಂತ ಯಂತ್ರವನ್ನೇ ಕೇಳಿ ಭಾಗಿಸಿ. ಅದಕ್ಕೂ ಲೈಬ್ರರಿಯಲ್ಲಿ ಹೆಸರಿದೆ.

ಪಂಚಮವನ್ನು ಪಿಯಾನೊ ಪಟ್ಟಿಯಿಂದ ತೆಗೆದುಕೊಳ್ಳಬೇಡಿ ಅಂತಲೂ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಇಂಟರ್‌ನೆಟ್‌ನಲ್ಲಿ ಸಿಗುವ ಪಟ್ಟಿಯಲ್ಲಿ ಅದು 146.83 ಅಂತಿರುತ್ತೆ. ನಮಗೆ ಬೇಕಾದದ್ದು ಷಡ್ಜದ ಮುಕ್ಕಾಲು, 147. ವ್ಯತ್ಯಾಸ ಚಿಕ್ಕದು ಅನ್ನಿಸುತ್ತೆ. ಆದರೆ ತಂತಿಯ ನಾದದಲ್ಲಿ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ನಾದಗಳೂ ಸೇರಿರುತ್ತವೆ, ಅವೇ ಮೇಲ್ನಾದ. ಷಡ್ಜದ ಮೂರರಷ್ಟು 588, ಪಂಚಮದ ನಾಲ್ಕರಷ್ಟೂ 588. ಎರಡೂ ಒಂದರ ಮೇಲೊಂದು ಕೂತರೇ ಶ್ರುತಿ ಸೇರಿತು ಅನ್ನುವುದು. 146.83 ಹಾಕಿದರೆ ಅದು 587.3 ಆಗಿ, ಪ್ರತಿ ಒಂದೂವರೆ ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯುತ್ತೆ. ಮಕ್ಕಳ ಕಿವಿ ಈ ತೂಗಾಟಕ್ಕೇ ಒಗ್ಗಿಹೋದರೆ ಕಷ್ಟ.

ತಂತಿ ಎಷ್ಟು ಹೊತ್ತು ಮೊಳಗಬೇಕು ಅನ್ನುವುದಕ್ಕೆ ಉಂಗುರದಲ್ಲಿ ಒಂದು ಗುಣಕ ಇಡಿ, 0.998 ಇರಲಿ. ಷಡ್ಜದ ಉಂಗುರ ಸೆಕೆಂಡಿಗೆ 196 ಸುತ್ತು ಬರುತ್ತೆ, ಹಾಗಾಗಿ ಒಂದು ಸೆಕೆಂಡಾದ ಮೇಲೆ ನಾದದಲ್ಲಿ ಸುಮಾರು ಮೂರನೇ ಎರಡು ಪಾಲು ಉಳಿಯುತ್ತೆ. ಮಂದ್ರದ ತಂತಿ ಬರೀ 98 ಸುತ್ತು. ಅದರಲ್ಲಿ ಐದನೇ ನಾಲ್ಕು ಪಾಲು ಉಳಿಯುತ್ತೆ. ನಿಜವಾದ ತಂಬೂರಿಯಲ್ಲೂ ಮಂದ್ರವೇ ಹೆಚ್ಚು ಹೊತ್ತು ನಿಲ್ಲುತ್ತೆ, ಅಲ್ವಾ? ಇದನ್ನು ನಾವು ಬೇರೆ ಬರೆಯಲಿಲ್ಲ, ಲೆಕ್ಕದಲ್ಲೇ ಬಂತು. ಗುಣಕ ಮಾತ್ರ ಎಂದೂ 1 ದಾಟಬಾರದು. ದಾಟಿದರೆ ನಾದ ಸುತ್ತು ಸುತ್ತಿಗೂ ದೊಡ್ಡದಾಗಿ ಸ್ಪೀಕರ್ ಹರಿಯುವಷ್ಟಾಗುತ್ತೆ. ಪ್ರಯೋಗ ಮಾಡುವಾಗ ಇಯರ್‌ಫೋನ್ ಕಿವಿಯಿಂದ ದೂರ ಇರಲಿ. ಕೊನೆಯಲ್ಲಿ ಮೈನಸ್ 1ರಿಂದ 1ರೊಳಗೆ ಕಟ್ಟಿಹಾಕುವ ಸಾಲು ಇರಲಿ. ಕಿವಿ ಹೋದರೆ ಬರುವುದಿಲ್ಲ.

ಇಷ್ಟಾದರೂ ನಿಮಗೆ ಸಿಗುವುದು ಗಿಟಾರ್ ತರಹದ ತಂತಿ. ತಂಬೂರಿಯ ಝೇಂಕಾರ ಬೇರೆ. ತಂತಿಗಳು ಕೂರುವ ಕುದುರೆಯ ಮೇಲ್ಭಾಗ ಚಪ್ಪಟೆಯಾಗಿ, ಸ್ವಲ್ಪ ಬಾಗಿ ಇರುತ್ತೆ. ತಂತಿಯ ಕೆಳಗೆ ಒಂದು ದಾರ ಇಟ್ಟು, ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಜೀವ ತರುತ್ತಾರೆ. ತಂತಿ ಕಂಪಿಸುವಾಗ ಆ ಮೇಲ್ಮೈಯನ್ನು ಸವರುತ್ತೆ, ತಂತಿಯ ಉದ್ದ ಕ್ಷಣ ಕ್ಷಣಕ್ಕೂ ಬದಲಾಗುತ್ತೆ. ಸಿ.ವಿ. ರಾಮನ್ ಅವರು 1921ರಲ್ಲೇ ವೀಣೆ ಮತ್ತು ತಂಬೂರಿಯ ಈ ಗುಣದ ಮೇಲೆ ಬರೆದಿದ್ದಾರೆ. ಯಾವ ಜಾಗದಲ್ಲಿ ಮೀಟಿದರೆ ಯಾವ ಮೇಲ್ನಾದ ಬರಬಾರದು ಅಂತ ಹಳೆಯ ನಿಯಮ ಹೇಳುತ್ತಿತ್ತೋ, ಆ ಮೇಲ್ನಾದಗಳೂ ನಮ್ಮ ವಾದ್ಯಗಳಲ್ಲಿ ಗಟ್ಟಿಯಾಗಿ ಕೇಳುತ್ತವೆ ಅಂತ ಅವರು ಗುರುತಿಸಿದ್ದರು. ಫೌಸ್ಟ್‌ನಲ್ಲಿ ನಾನು ಮಾಡುವುದು ಹೀಗೆ: ಉಂಗುರದ ತಡವನ್ನು ಆ ಕ್ಷಣದ ನಾದದ ಬೆಲೆಗೆ ತಕ್ಕಂತೆ ಚೂರು ಕಡಿಮೆ ಮಾಡುತ್ತೇನೆ, ಹೆಚ್ಚೆಂದರೆ ಅರ್ಧ ಸ್ಯಾಂಪಲ್. ಎಷ್ಟು ಅನ್ನುವುದನ್ನು ಒಂದು ಸ್ಲೈಡರ್‌ಗೆ ಬಿಟ್ಟು, ಅದಕ್ಕೆ ‘ದಾರ’ ಅಂತ ಹೆಸರಿಡುತ್ತೇನೆ. ಇದು ನಿಜವಾದ ಕುದುರೆ ಅಲ್ಲ, ಗೊತ್ತು. ಆದರೆ ಆ ಸ್ಲೈಡರ್ ನಿಧಾನವಾಗಿ ಎಳೆದಾಗ ಗಿಟಾರ್ ಹೋಗಿ ತಂಬೂರಿ ಬರುವ ಕ್ಷಣವನ್ನು ನೀವೇ ಕೇಳಬೇಕು. ಇದನ್ನು ಏರಿಸಿದಾಗ ಶ್ರುತಿ ಕೊಂಚ ಮೇಲೆ ಹೋಗುತ್ತೆ, ಮತ್ತೆ ಸೇರಿಸಿಕೊಳ್ಳಿ.

ಈಗ ಮತ್ತೆ ಸ್ಲೈಡರ್‌ಗೆ ಬರೋಣ, ನಿಮ್ಮ ಮೂಲ ಪ್ರಶ್ನೆ ಅದೇ. ಸ್ಮೂ ಸಿಕ್ಕಿತು ಅಂತ ಎಲ್ಲ ಸ್ಲೈಡರ್‌ಗೂ ಅದನ್ನೇ ಹಚ್ಚಬೇಡಿ. ಒಂದೊಂದನ್ನೂ ಕೇಳಿ ನೋಡಿ: ನೀನು ಎಷ್ಟು ನಿಧಾನದ ನಾದ? ವಾಲ್ಯೂಮ್‌ಗೆ ಸ್ಮೂ ಸರಿ. ಅದರ ಅಳತೆಯನ್ನು ಮಾತ್ರ ಡೆಸಿಬೆಲ್‌ನಲ್ಲಿ ಇಟ್ಟು, ಆಮೇಲೆ ಗುಣಕವಾಗಿ ಬದಲಾಯಿಸಿ. ನಮ್ಮ ಕಿವಿ ಕೇಳುವುದೇ ಆ ಲೆಕ್ಕದಲ್ಲಿ. ನೇರ ಗುಣಕ ಇಟ್ಟರೆ ಸ್ಲೈಡರ್‌ನ ಕೆಳಗಿನ ಒಂದು ಚೂರಿನಲ್ಲೇ ಎಲ್ಲ ಬದಲಾವಣೆ ಮುಗಿದು, ಮೇಲಿನ ಭಾಗ ಸುಮ್ನೆ ಇದ್ದ ಹಾಗೆ ಆಗುತ್ತೆ.

ಶ್ರುತಿಯ ಸ್ಲೈಡರ್‌ಗೆ ಸ್ಮೂ ಹಾಕಿದರೆ ಏನಾಗುತ್ತೆ ಗೊತ್ತಾ? ಐದರಿಂದ ಐದೂವರೆಗೆ ಹೋಗುವಾಗ ಮೊಳಗುತ್ತಿರುವ ತಂತಿಯೇ ಕುಂಯ್ ಅಂತ ಜಾರಿಕೊಂಡು ಹೋಗುತ್ತೆ. ತಂಬೂರಿ ಜಾರಬಾರದು. ಅದಕ್ಕೆ ಬೇರೆ ಉಪಾಯ. ಶ್ರುತಿಯ ಹೊಸ ಬೆಲೆಯನ್ನು ಮೀಟುವ ಕ್ಷಣದಲ್ಲಿ ಮಾತ್ರ ಹಿಡಿದುಕೊಂಡು, ಮುಂದಿನ ಮೀಟಿನವರೆಗೆ ಹಾಗೇ ಇಟ್ಟುಕೊಳ್ಳಬೇಕು. ಲೈಬ್ರರಿಯಲ್ಲಿ ಇದಕ್ಕೂ ಸ್ಯಾಂಪಲ್ ಆಂಡ್ ಹೋಲ್ಡ್ ಅಂತ ಫಂಕ್ಷನ್ ಇದೆ. ಆಗ ಅಮ್ಮ ಸ್ಲೈಡರ್ ಎಳೆದರೂ ಮೊಳಗುತ್ತಿರುವ ತಂತಿಗೆ ಏನೂ ಆಗುವುದಿಲ್ಲ. ಮುಂದಿನ ಮೀಟಿಗೆ ಒಂದೊಂದೇ ತಂತಿ ಹೊಸ ಶ್ರುತಿಗೆ ಬರುತ್ತೆ. ಒಂದು ಸುತ್ತಿನಲ್ಲಿ ನಾಲ್ಕೂ ಸೇರಿಬಿಡುತ್ತವೆ. ಕೈಯಲ್ಲಿ ಬಿರಡೆ ತಿರುಗಿಸಿದ ಹಾಗೇ ಅನ್ನಿಸುತ್ತೆ.

ಇದನ್ನು ನಾನು ಕಲಿತದ್ದು ಕಷ್ಟದಲ್ಲಿ. ಕೆಲವು ವರ್ಷದ ಹಿಂದೆ ಚಿಕ್ಕಮಗಳೂರಿನಲ್ಲೇ ಒಂದು ಚಿಕ್ಕ ಸಭೆಯಲ್ಲಿ ಹುಡುಗಿಯೊಬ್ಬಳು ಹಾಡುತ್ತಿದ್ದಳು. ತಂಬೂರಿ ನನ್ನ ಲ್ಯಾಪ್‌ಟಾಪ್‌ನದು. ಆಲಾಪನೆ ಮಂದ್ರಕ್ಕೆ ಇಳಿಯಿತು. ಅವಳ ದನಿ ಮೆಲ್ಲಗಾಯಿತು ಅಂತ ನಾನು ವಾಲ್ಯೂಮ್ ಕೊಂಚ ತಗ್ಗಿಸಿದೆ. ಹಾಲ್‌ನ ದೊಡ್ಡ ಸ್ಪೀಕರ್‌ನಲ್ಲಿ ಚರ್ ಅಂತು. ಅವಳು ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದಳು. ಮತ್ತೆ ಶುರು ಮಾಡಿದಳು, ಚೆನ್ನಾಗಿಯೇ ಹಾಡಿದಳು. ಆದರೆ ಆ ಸ್ವರಕ್ಕೆ ಮತ್ತೆ ಹೋಗಲಿಲ್ಲ. ಅವತ್ತು ರಾತ್ರಿಯೇ ಕೂತು ಎಲ್ಲ ಸ್ಲೈಡರ್‌ಗಳನ್ನೂ ಹೊಸದಾಗಿ ಬರೆದೆ.

ನಿಮ್ಮ ಸೀನಿಯರ್ ಬೇರೆ ಯಾವುದಾದರೂ ಭಾಷೆ ಮನಸ್ಸಿನಲ್ಲಿಟ್ಟು ಹೇಳಿರಬಹುದು, ಅದನ್ನೂ ಹೇಳಿಬಿಡುತ್ತೇನೆ. ರೆಕಾರ್ಡ್ ಮಾಡಿದ ಪಾಠಗಳನ್ನು ತಿದ್ದಬೇಕಿದ್ದರೆ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶದೊಳಗೆ ನೈಕ್ವಿಸ್ಟ್ ಇದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರೋಜರ್ ಡ್ಯಾನೆನ್‌ಬರ್ಗ್ ಮಾಡಿದ್ದು, ಲಿಸ್ಪ್ ಅನ್ನುವ ಹಳೆಯ ಭಾಷೆಯ ಜಾತಿಗೆ ಸೇರಿದ ಚಿಕ್ಕ ಭಾಷೆ. ಅದರಲ್ಲೂ ಒಂದೊಂದು ಸಾಲು ಬರೆದರೆ ಸ್ಲೈಡರ್ ಇರುವ ಡಬ್ಬ ತಾನಾಗೇ ಬರುತ್ತೆ. ಆದರೆ ನಾದ ಓಡುತ್ತಿರುವಾಗ ಎಳೆಯುವುದಕ್ಕೆ ಅಲ್ಲ ಅದು. ಮುಗಿದ ರೆಕಾರ್ಡಿಂಗ್ ಮೇಲೆ ಕೆಲಸ ಮಾಡುವುದಕ್ಕೆ.

ಇನ್ನೊಂದು ಲುವಾ, ಅದರ ಮೇಲೆ ಕೂರುವ ಫೆನೆಲ್. ಲುವಾ 1993ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ್ದು, ತೀರಾ ಚಿಕ್ಕದು. ಫೆನೆಲ್‌ನಲ್ಲಿ ಲಿಸ್ಪ್ ತರಹ ಬರೆದರೆ ಅದು ಲುವಾ ಆಗುತ್ತೆ. ಫೌಸ್ಟ್ ಕೊಡುವ ವಿಂಡೋ ಸೊಟ್ಟಪಟ್ಟ ಅಲ್ಲದಿದ್ದರೂ ತೀರಾ ಸರಳ. ಸ್ಲೈಡರ್, ಬಟನ್, ಗುಂಪು, ಅಷ್ಟೇ. ನಾಳೆ ನಿಮಗೆ ಮಕ್ಕಳ ಹಾಜರಿ, ಪಾಠದ ಪಟ್ಟಿ, ತಂಬೂರಿಯ ಚಿತ್ರ, ತಂತಿ ಅಲುಗಾಡುವುದು ಎಲ್ಲ ಬೇಕು ಅನ್ನಿಸಿದರೆ ವಿಂಡೋ ಕೆಲಸವನ್ನು ಫೆನೆಲ್‌ಗೆ ಕೊಡಿ. ನಾದವನ್ನು ಫೌಸ್ಟ್‌ನಲ್ಲೇ ಬಿಡಿ. ಲುವಾದಲ್ಲೂ ಮೆಮೊರಿ ಗುಡಿಸುವ ಕೆಲಸ ಇದೆ. ನಾದದ ಲೆಕ್ಕವನ್ನು ಅದಕ್ಕೆ ಕೊಟ್ಟರೆ ಪಟ್ ಶಬ್ದ ಹಿಂದಿನ ಬಾಗಿಲಿಂದ ಬರುತ್ತೆ. ಆದರೆ ಇದು ಮುಂದಿನ ಮಾತು. ಈಗಲೇ ಎರಡು ಭಾಷೆ ಹೊತ್ತುಕೊಳ್ಳಬೇಡಿ.

ಕೋಡ್‌ಗೆ ಸಂಬಂಧವಿಲ್ಲದ ಎರಡು ಮಾತು. ಲ್ಯಾಪ್‌ಟಾಪ್‌ನ ಚಿಕ್ಕ ಸ್ಪೀಕರ್‌ನಲ್ಲಿ 98 ಹರ್ಟ್ಸ್ ಬರುವುದೇ ಇಲ್ಲ. ಆದರೂ ಮಂದ್ರ ಕೇಳಿದ ಹಾಗಾಗುತ್ತೆ, ಯಾಕಂದರೆ ಮೇಲ್ನಾದಗಳಿಂದ ಕಿವಿಯೇ ಅದನ್ನು ಊಹಿಸಿಕೊಳ್ಳುತ್ತೆ. ‘ದಾರ’ದ ಸ್ಲೈಡರ್ ಸರಿ ಇದ್ದಷ್ಟೂ ಈ ಊಹೆ ಗಟ್ಟಿ. ಸಾಧ್ಯವಾದರೆ ಒಂದು ಸಾಧಾರಣ ಸ್ಪೀಕರ್ ಜೋಡಿಸಿ. ಎರಡನೆಯದು ಕರೆಂಟ್. ನಮ್ಮ ಕಡೆ ಹಳೇ ಮನೆಗಳಲ್ಲಿ ಅರ್ತಿಂಗ್ ಸರಿ ಇರುವುದಿಲ್ಲ. ಚಾರ್ಜರ್ ಹಾಕಿದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಶಬ್ದ ಸೇರುತ್ತೆ. ಕರೆಂಟ್ 50 ಹರ್ಟ್ಸ್, ಅದರ ಎರಡರಷ್ಟು 100. ನಿಮ್ಮ ಮಂದ್ರ 98. ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ನಾದ ಅಲುಗುತ್ತೆ. ಕೋಡ್‌ನಲ್ಲಿ ತಪ್ಪು ಹುಡುಕುವ ಮೊದಲು ಚಾರ್ಜರ್ ಕಿತ್ತು ಕೇಳಿ.

ನಿಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋಗಿದ್ದೀರಾ? ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು. ಅದೇ ಊರಿನ ಗಾಯಕ ಆರ್.ಕೆ. ಪದ್ಮನಾಭ ಅವರು ಮುಂದೆ ನಿಂತು ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿಸಿದ್ದಾರೆ. ಕಾವೇರಿ ದಡದ ಆ ಪುಟ್ಟ ಊರಿನಿಂದ ಅಷ್ಟೊಂದು ಜನ ಸಂಗೀತಗಾರರು ಬಂದಿದ್ದಾರೆ. ಅಮ್ಮನ ಜೊತೆ ಒಂದು ಭಾನುವಾರ ಹೋಗಿ ಬನ್ನಿ. ಆ ಕಡೆ ಯಾರ ಮನೆಯಲ್ಲಾದರೂ ಮರದ ತಂಬೂರಿ ಮೀಟಲು ಸಿಕ್ಕರೆ, ಕುದುರೆಗೆ ಕಿವಿ ಹತ್ತಿರ ಇಟ್ಟು ಕೇಳಿ. ಮೀಟಿದ ತಕ್ಷಣ ಅಲ್ಲ, ಅರ್ಧ ಸೆಕೆಂಡ್ ಆದಮೇಲೆ ಝೇಂಕಾರ ಹೇಗೆ ಅರಳುತ್ತೆ ಅಂತ ಗಮನ ಇಡಿ. ನಿಮ್ಮ ‘ದಾರ’ದ ಸ್ಲೈಡರ್ ಎಲ್ಲಿ ನಿಲ್ಲಬೇಕು ಅನ್ನುವುದು ಅಲ್ಲಿ ಗೊತ್ತಾಗುತ್ತೆ.

ಶುರು ಮಾಡುವಾಗ ನಾಲ್ಕು ತಂತಿ ಬರೆಯಬೇಡಿ. ಒಂದೇ ಷಡ್ಜ, ಒಂದು ಬಟನ್, ಒಂದು ವಾಲ್ಯೂಮ್ ಸ್ಲೈಡರ್. ಮೊದಲು ಸ್ಮೂ ಇಲ್ಲದೆ ಎಳೆದು ಚರಚರ ಕೇಳಿ, ಆಮೇಲೆ ಸ್ಮೂ ಹಾಕಿ ಎಳೆಯಿರಿ. ಅದು ಸರಿಯಾದ ಮೇಲೆ ಪಂಚಮ ಸೇರಿಸಿ, ಅಮ್ಮನನ್ನು ಕರೆದು ಕೂರಿಸಿ, ಎರಡನ್ನೂ ಮೀಟಿ. ಅವರು ತಲೆದೂಗಿದರೆ ಮಂದ್ರಕ್ಕೆ ಹೋಗಿ. ಇಲ್ಲ ಅಂದರೆ ಆ ಒಂದೂವರೆ ಸ್ಯಾಂಪಲ್ ಕಳೆದಿದ್ದೀರಾ ಅಂತ ಮತ್ತೊಮ್ಮೆ ನೋಡಿ.